ಯೋಧಪ್ರತಿಮೆಯ ಬಣ್ಣಗಾರಿಕೆ: ಕಿನ್ನಾಳದ ಮರದಿಂದ ರೆಸಿನ್ ಬಸ್ಟ್‌ವರೆಗೆ

ಯೋಧಪ್ರತಿಮೆಯ ಬಣ್ಣಗಾರಿಕೆ ಎಂದರೆ ಮರದಲ್ಲಿ ಕಡೆದ, ಮಣ್ಣಿನಲ್ಲಿ ತಿದ್ದಿದ, ಲೋಹ ಅಥವಾ ರೆಸಿನ್‌ನಲ್ಲಿ ಎರಕ ಹೊಯ್ದ ಸೈನಿಕನ ರೂಪಕ್ಕೆ ಮೈಬಣ್ಣ, ಉಡುಗೆ, ಆಯುಧಗಳ ಬಣ್ಣ ಕೊಟ್ಟು, ಬೇಕಾದ ಕಡೆ ಧೂಳು, ಬೆವರು, ತುಕ್ಕು, ಸವೆತಗಳನ್ನೂ ಬಣ್ಣದಿಂದಲೇ ಮೂಡಿಸುವ ಕೈಕೆಲಸ. ತಲೆಯಿಂದ ಎದೆಯ ತನಕ ಇರುವ ಪ್ರತಿಮೆಗೆ ಹವ್ಯಾಸಿಗಳು ಬಸ್ಟ್ ಎನ್ನುತ್ತಾರೆ, ಅದಕ್ಕೆ ಹಳಮೆ ತರುವ ಕೆಲಸಕ್ಕೆ ವೆದರಿಂಗ್ ಎನ್ನುತ್ತಾರೆ. ಬಿಡುವಿನ ಹವ್ಯಾಸವಾಗಿ ಇದು ಯುರೋಪಿನಲ್ಲಿ ಬೆಳೆದದ್ದು. ಬಣ್ಣದ ಪದರದ ಮೇಲೆ ಪದರ ಕೂರಿಸಿ ಮುಖಕ್ಕೆ ಜೀವ ತರುವ ವಿದ್ಯೆಯಾದರೋ ಕೊಪ್ಪಳ ಜಿಲ್ಲೆಯ ಕಿನ್ನಾಳದಲ್ಲಿ ಎಷ್ಟೋ ತಲೆಮಾರುಗಳಿಂದ ನಡೆದುಬಂದಿದೆ. ಎರಡರ ನಡುವಿನ ವ್ಯತ್ಯಾಸ ಮುಖ್ಯವಾಗಿ ಒಂದೇ: ಹವ್ಯಾಸಿ ಹೊಸ ಬೊಂಬೆಯನ್ನು ಹಳತು ಮಾಡುತ್ತಾನೆ, ಕಿನ್ನಾಳದ ಚಿತ್ರಗಾರ ಹಳೆಯ ಮೂರ್ತಿಯನ್ನು ಹೊಸತು ಮಾಡುತ್ತಾನೆ.

ಕಿನ್ನಾಳ

ಕೊಪ್ಪಳ ತಾಲ್ಲೂಕಿನ ಕಿನ್ನಾಳ ಒಂದು ಕಾಲಕ್ಕೆ ಮರಗೆಲಸ, ಲೋಹದ ಕೆಲಸ, ನೇಯ್ಗೆ ಮೂರಕ್ಕೂ ಹೆಸರಾಗಿದ್ದ ಊರು. ಕೊಪ್ಪಳ ರಾಯಚೂರಿನಿಂದ ಬೇರೆಯಾಗಿ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೂ ಬಹಳ ಹಿಂದೆ, ಇಲ್ಲಿನ ಚಿತ್ರಗಾರ ಮನೆತನಗಳು ವಿಜಯನಗರದ ಅರಸರ ಆಶ್ರಯದಲ್ಲಿದ್ದವು ಎಂಬ ನಂಬಿಕೆ ಊರಲ್ಲಿ ಗಟ್ಟಿಯಾಗಿದೆ. ಹಂಪಿಯ ವಿರೂಪಾಕ್ಷ ದೇವಾಲಯದ ರಂಗಮಂಟಪದ ಚಾವಣಿಯ ಚಿತ್ರಗಳೂ ಅಲ್ಲಿನ ಮರದ ತೇರಿನ ಕೆತ್ತನೆಯೂ ತಮ್ಮ ಹಿರಿಯರ ಕೈಯವು ಎಂದು ಅವರು ಹೇಳುತ್ತಾರೆ. ಆ ಚಾವಣಿಯಲ್ಲಿ ವಿದ್ಯಾರಣ್ಯರ ಪಲ್ಲಕ್ಕಿಯ ಮೆರವಣಿಗೆ ಇದೆ, ಅದರ ಜೊತೆಗೆ ಕಾಲಾಳುಗಳೂ ಕುದುರೆಗಳೂ ಆನೆಗಳೂ ಇವೆ. ಯೋಧನನ್ನು ಸಾಲಿನಲ್ಲಿ ನಿಲ್ಲಿಸಿ ಬರೆಯುವ ಕೈ ಈ ಸೀಮೆಗೆ ಹೊಸತಲ್ಲ ಎನ್ನಲು ಅಷ್ಟು ಸಾಕು.

ಕಿನ್ನಾಳದಲ್ಲಿ ಇಂದು ಹೆಚ್ಚಾಗಿ ತಯಾರಾಗುವುದು ದೇವರ ಮೂರ್ತಿ, ವಾಹನ, ತೊಟ್ಟಿಲು, ಪ್ರಾಣಿ, ಪಕ್ಷಿ. ಹಿಂದೆ ನಾನಾ ಕಸುಬಿನವರ ಬೊಂಬೆಗಳಿಗೆ ಗಿರಾಕಿ ಹೆಚ್ಚಿತ್ತು. ಗರುಡನ ಮೂರ್ತಿಗೆ 12 ಬಿಡಿಭಾಗ, ಸಿಂಹಾಸನದಲ್ಲಿ ಕೂತ ಗಣಪತಿಗೆ 22. ಒಂದೇ ದಿಮ್ಮಿಯಿಂದ ಕಡೆಯುವ ಬದಲು ತುಂಡು ತುಂಡಾಗಿ ಕೆತ್ತಿ ಕೂಡಿಸುವ ಈ ರೀತಿ, ಕೈ, ತಲೆ, ಕತ್ತಿಯನ್ನು ಬೇರೆಬೇರೆ ಎರಕ ಹೊಯ್ದು ಪೆಟ್ಟಿಗೆಯಲ್ಲಿ ಕಳಿಸುವ ಇಂದಿನ ಮಿನಿಯೇಚರ್ ಕಂಪನಿಗಳ ರೀತಿಯೇ ಆಗಿದೆ.

ಮರಕ್ಕೆ ಚರ್ಮ ಕಟ್ಟುವ ಕ್ರಮ

ಕಿನ್ನಾಳದ ಕೆಲಸದಲ್ಲಿ ನೋಡುಗನ ಕಣ್ಣಿಗೆ ಮರ ಬೀಳುವುದೇ ಇಲ್ಲ. ಹಗುರವಾದ ಮೆದು ಮರವನ್ನು ಉಳಿಯಿಂದ ಒಂದು ಹದಕ್ಕೆ ತಂದು ಬಿಡುತ್ತಾರೆ, ರೂಪ ಪೂರ್ತಿಯಾಗುವುದು ಅದರ ಮೇಲಿನ ಲೇಪಗಳಲ್ಲಿ. ಎಲ್ಲಕ್ಕೂ ಆಧಾರ ಹುಣಸೆಬೀಜದ ಅಂಟು. ಈ ಕಡೆಯ ಕಂಬಳಿ ನೇಯುವವರು ಹಾಸಿನ ನೂಲಿಗೆ ಹಚ್ಚುವ ಸರಿಯೂ ಹುಣಸೆಬೀಜದ್ದೇ. ಹಾಗಾಗಿ ಅಂಟಿಗೆ ದೂರ ಹೋಗಬೇಕಾದ ಪ್ರಮೇಯ ಚಿತ್ರಗಾರರಿಗೆ ಬಂದಿರಲಾರದು. ಬಿಡಿಭಾಗಗಳನ್ನು ಕೂಡಿಸಲು ಈ ಅಂಟಿಗೆ ಹರಳುಕಲ್ಲಿನ ಪುಡಿ ಬೆರೆಸುತ್ತಾರೆ.

ಆಮೇಲಿನದು ಕಿಟ್ಟ. ಹಳೆಯ ಗೋಣಿತಟ್ಟನ್ನು ನೆನೆಸಿ, ಎಳೆಎಳೆಯಾಗಿ ಹರಿದು, ಒಣಗಿಸಿ, ಕುಟ್ಟಿ ಪುಡಿ ಮಾಡಿ, ಮರದ ಹೊಟ್ಟು ಮತ್ತು ಹುಣಸೆಬೀಜದ ಅಂಟಿನೊಡನೆ ಕಲಸಿದ ಮುದ್ದೆ ಇದು. ಕೂಡಿಸಿದ ಮೂರ್ತಿಯ ಮೈತುಂಬ ಕೈಯಿಂದಲೇ ಕಿಟ್ಟ ಮೆತ್ತಿ, ಅದರ ಮೇಲೆ ಹತ್ತಿಬಟ್ಟೆಯ ಸಣ್ಣ ತುಣುಕುಗಳನ್ನು ಅಂಟಿಸುತ್ತಾರೆ. ಬಟ್ಟೆ ಇಲ್ಲದಿದ್ದರೆ ಮರ ಬೇಸಿಗೆಯಲ್ಲಿ ಕುಗ್ಗಿ ಮಳೆಗಾಲದಲ್ಲಿ ಹಿಗ್ಗುವಾಗ ಮೇಲಿನ ಲೇಪ ಬಿರಿಯುತ್ತದೆ. ಬಟ್ಟೆಯ ಮೇಲೆ ಕಲ್ಲುಪುಡಿಯ ನುಣುಪು ಲೇಪ ಬಂದಾಗ ಮೂರ್ತಿ ಬಣ್ಣಕ್ಕೆ ಸಿದ್ಧ. ಹವ್ಯಾಸಿ ಪ್ರೈಮರ್ ಎಂದು ಡಬ್ಬಿಯಿಂದ ಸಿಂಪಡಿಸುವುದು ಈ ಕೊನೆಯ ಲೇಪದ ಕೆಲಸವನ್ನೇ. ಆದರೆ ಪ್ರೈಮರ್ ತೆಳ್ಳಗಿರಬೇಕು, ಕೆತ್ತನೆಯ ಗೆರೆ ಮುಚ್ಚಬಾರದು. ಕಿನ್ನಾಳದ ಲೇಪವಾದರೆ ದಪ್ಪಗಿದ್ದು ತಾನೇ ಗೆರೆಯನ್ನು ತಿದ್ದುತ್ತದೆ.

ಒಡವೆಗಳದು ಇನ್ನೊಂದು ಜಾಣ್ಮೆ. ಕಲ್ಲುಪುಡಿಯನ್ನು ಅಂಟಿನಲ್ಲಿ ಕಲಸಿ, ಸರ, ತೋಳಬಂದಿ, ಕಿರೀಟದ ಅಂಚುಗಳನ್ನು ಮೈಮೇಲೆ ಉಬ್ಬುಗೆರೆಯಾಗಿ ಎಳೆಯುತ್ತಾರೆ. ಒಣಗಿದ ಮೇಲೆ ಅದು ಕೆತ್ತಿದಂತೆಯೇ ಕಾಣುತ್ತದೆ. ಇದರ ಮೇಲೆ ಬರುವುದು ಲಾಜವಾರ: ತವರದಂಥ ಬಿಳಿ ಲೋಹವನ್ನು ನುಣ್ಣಗೆ ಮಾಡಿ, ಅಂಟಿನೊಡನೆ ಹಚ್ಚುವಂತೆ ತೆಳುಮಾಡಿ, ಬಳಿದ ಮೇಲೆ ತಿಕ್ಕಿ ಹೊಳಪು ತರುವ ವಿಧಾನ. ಚಿನ್ನದ ಖರ್ಚಿಲ್ಲದೆ ಚಿನ್ನದ ಮಿರುಗು ಕೊಡುವ ಇದು ಕಿನ್ನಾಳದ ಕೆಲಸದ ಗುರುತು. ಮಾರುಕಟ್ಟೆಯಲ್ಲಿ ಸಿಗುವ ಬಂಗಾರ ಬಣ್ಣದ ಪೇಂಟು ದೂರದಿಂದ ಹಾಗೇ ಕಂಡರೂ ಲೋಹವನ್ನು ತಿಕ್ಕಿ ತಂದ ಹೊಳಪಿನ ಮುಂದೆ ಅದು ಸಪ್ಪೆ. ಯೋಧನ ಕವಚ, ಕತ್ತಿಯ ಹಿಡಿ, ಶಿರಸ್ತ್ರಾಣದ ಪಟ್ಟಿ ಬಣ್ಣಿಸುವವರು ಈ ವಿಧಾನವನ್ನು ಕಲಿತರೆ ಲಾಭವಿದೆ.

ಹಳೆಯ ಮೂರ್ತಿಗಳಿಗೆ ಕಲ್ಲು, ಮಣ್ಣು, ಗಿಡಗಳಿಂದ ತೆಗೆದ ಬಣ್ಣ ಬಳಸುತ್ತಿದ್ದರು. ಈಗ ಅಂಗಡಿಯ ಬಣ್ಣವೇ ಹೆಚ್ಚು. ಕೆಂಪು, ಹಸಿರು, ಹಳದಿ, ನೀಲಿ ಕಣ್ಣಿಗೆ ರಾಚುವಂತಿರುತ್ತವೆ, ಹುಬ್ಬು, ಕಣ್ಣು, ಮೀಸೆಗಳು ಕಪ್ಪು ಗೆರೆಯಲ್ಲಿ ನಿಲ್ಲುತ್ತವೆ. ನೆರಳು ಬೆಳಕನ್ನು ಬಣ್ಣದಲ್ಲಿ ಬರೆಯುವ ಗೊಡವೆ ಕಡಿಮೆ, ಏಕೆಂದರೆ ಮೂರ್ತಿ ನಿಲ್ಲುವುದು ಗುಡಿಯ ಕತ್ತಲಲ್ಲಿ, ದೀಪದ ಎದುರು. ಅಲ್ಲಿ ದೂರಕ್ಕೆ ಕಾಣುವುದು ಗೆರೆಯೇ ಹೊರತು ಛಾಯೆಯಲ್ಲ.

ಆಂಧ್ರದ ಕೊಂಡಪಲ್ಲಿ ಬೊಂಬೆಗಳಿಗೂ ಹಗುರ ಮರ, ಹೊಟ್ಟು, ಹುಣಸೆಬೀಜದ ಅಂಟು ಇವೇ ಸಾಮಗ್ರಿ. ಚನ್ನಪಟ್ಟಣದ್ದು ಬೇರೆಯೇ ಜಾತಿ. ಅಲ್ಲಿ ಚರಕಿಯ ಮೇಲೆ ತಿರುಗುವ ಮರಕ್ಕೆ ಅರಗಿನ ಬಣ್ಣ ಒತ್ತುತ್ತಾರೆ, ಮುಖದ ಸೂಕ್ಷ್ಮಕ್ಕೆ ಅಲ್ಲಿ ಎಡೆ ಕಡಿಮೆ.

ವೀರನ ತಲೆ

ಕೊಪ್ಪಳ ಸೀಮೆಯಲ್ಲಿ ಯೋಧನ ತಲೆಗೆ ಬೊಂಬೆಗಿಂತ ಹಳೆಯದಾದ ಒಂದು ಅರ್ಥವಿದೆ. ಗಂಗಾವತಿ ಕಡೆಯ ಜಬ್ಬಲಗುಡ್ಡದ ಬಳಿಯ ಕುಮ್ಮಟದುರ್ಗ ಕಂಪಿಲರಾಯನ ಕೋಟೆ. ಅವನ ಮಗ ಕುಮಾರರಾಮ. 1327ರ ಸುಮಾರಿಗೆ ಮಹಮ್ಮದ್ ಬಿನ್ ತುಘಲಕನ ಸೈನ್ಯಕ್ಕೆ ಕಂಪಿಲಿ ರಾಜ್ಯ ಬಿದ್ದಿತು. ಕುಮಾರರಾಮನ ಕಥೆಯನ್ನು ಹೇಳುವ ಸಾಂಗತ್ಯಗಳಲ್ಲೂ ಜನಪದ ಕಥನಗಳಲ್ಲೂ ಅವನ ತಲೆಯನ್ನು ಕಡಿದು ದಿಲ್ಲಿಗೆ ಒಯ್ದ ಪ್ರಸಂಗ ಬರುತ್ತದೆ. ದಿಲ್ಲಿಯ ಕಡೆಯಿಂದ ಯುದ್ಧಕ್ಕೆ ಬಂದ ಮಾತಂಗಿ ಎಂಬವಳ ಹೆಸರೂ ಅದರೊಡನೆ ಬರುತ್ತದೆ. ಕುಮಾರರಾಮನನ್ನು ಬಣ್ಣದ ಮರದ ಮುಖವಾಗಿ ಪೂಜಿಸುವ ರೂಢಿ ಕರ್ನಾಟಕದ ಹಲವೆಡೆ, ಮಲೆನಾಡಿನ ತನಕ, ಹರಡಿರುವುದಕ್ಕೆ ಈ ಕಥೆಯೇ ಹಿನ್ನೆಲೆ. ದೇಹವಿಲ್ಲದ, ತಲೆಯಷ್ಟೇ ಇರುವ ಬಣ್ಣದ ಯೋಧಪ್ರತಿಮೆ ನಮ್ಮಲ್ಲಿ ಪೂಜೆಗೆ ನಿಂತದ್ದು ಹೀಗೆ. ಇಂಥ ಮುಖಗಳಲ್ಲಿ ಚರಿತ್ರೆಯ ಉಡುಗೆ ಹುಡುಕಬಾರದು. ಹೊರಳಿಸಿದ ಮೀಸೆ, ಅಗಲ ಕಣ್ಣು, ಕೆಂಪು ಇಲ್ಲವೆ ಹಳದಿ ಮೈ: ಇವು 14ನೇ ಶತಮಾನದ ಒಬ್ಬ ಮನುಷ್ಯನ ಚಹರೆಯಲ್ಲ, ವೀರ ಎಂಬ ಭಾವದ ಚಹರೆ.

ಪೂಜೆಗೊಳ್ಳುವ ಮರದ ಮೂರ್ತಿಯ ಮೇಲೆ ಹಳಮೆ ತಾನಾಗಿ ಕೂರುತ್ತದೆ. ಎಣ್ಣೆದೀಪದ ಮಸಿ ಮೊದಲು ಹಣೆಯ ಮೇಲ್ಭಾಗಕ್ಕೆ, ಮೂಗಿನ ತುದಿಗೆ ಹತ್ತುತ್ತದೆ. ಅರಿಸಿನ ಕುಂಕುಮ ಕಣ್ಣಿನ ಕುಳಿಯಲ್ಲಿ, ಕಿವಿಯ ಹಿಂದೆ ಉಳಿದು ಗಟ್ಟಿಯಾಗುತ್ತದೆ. ಎತ್ತಿ ಇಳಿಸುವಾಗ ಕೈ ತಾಗುವ ಕುತ್ತಿಗೆ ಮತ್ತು ಗದ್ದದ ಬಣ್ಣ ಸವೆದು ಬಿಳಿ ಲೇಪ, ಅದರ ಕೆಳಗೆ ಬಟ್ಟೆ, ಅದರ ಕೆಳಗೆ ಮರ ಹೀಗೆ ಒಂದೊಂದಾಗಿ ಹೊರಬರುತ್ತವೆ. ವೆದರಿಂಗ್ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಪಾಠಪುಸ್ತಕ ಇಲ್ಲ. ಮಸಿ ಹತ್ತುವುದು ಉಬ್ಬಿಗೆ, ಕೊಳೆ ನಿಲ್ಲುವುದು ತಗ್ಗಿಗೆ, ಬಣ್ಣ ಹೋಗುವುದು ಕೈ ಮುಟ್ಟುವಲ್ಲಿ. ಹವ್ಯಾಸಿಗಳು ದುಡ್ಡು ಕೊಟ್ಟು ಕಲಿಯುವ ಸೂತ್ರಗಳು ಇಷ್ಟೇ.

ಆದರೆ ಊರಿನವರು ಇದನ್ನು ಚೆಂದ ಎಂದು ಬಿಡುವುದಿಲ್ಲ. ಉತ್ತರ ಕರ್ನಾಟಕದಲ್ಲಿ ದ್ಯಾಮವ್ವ, ದುರ್ಗವ್ವರ ಮರದ ಮೂರ್ತಿಗಳನ್ನು ದೊಡ್ಡ ಜಾತ್ರೆಗೆ ಮುಂಚೆ ಬಣ್ಣಕ್ಕೆ ಕೊಡುವ ಪದ್ಧತಿ ಇದೆ. ಹಳೆಯ ಬಣ್ಣ ಕೆರೆದು, ಬಿರುಕು ತುಂಬಿ, ಹೊಸದಾಗಿ ಬಳಿದು, ಎಲ್ಲಕ್ಕೂ ಕೊನೆಗೆ ಕಣ್ಣು ಬರೆಯುತ್ತಾರೆ. ಕಣ್ಣು ಬರೆದ ಮೇಲೆ ಅದು ಮರವಲ್ಲ, ದೇವತೆ. ಹವ್ಯಾಸಿಗಳಲ್ಲಿ ಬಹುಪಾಲು ಕಣ್ಣನ್ನೇ ಮೊದಲು ಬರೆದು ಮುಗಿಸಿಕೊಳ್ಳುತ್ತಾರೆ. ಕೈ ತಪ್ಪಿದರೆ ಸುತ್ತಲಿನ ಚರ್ಮದ ಬಣ್ಣದಿಂದ ತಿದ್ದಬಹುದು ಎಂಬ ಲೆಕ್ಕಾಚಾರ ಅವರದು.

ಮತ್ತೆ ಬಳಿದ ಚರಿತ್ರೆ

ಬಣ್ಣದ ಯೋಧರ ವಿಷಯದಲ್ಲಿ ಕರ್ನಾಟಕಕ್ಕೆ ಎರಡು ದೊಡ್ಡ ಸಾಕ್ಷಿಗಳಿವೆ, ಎರಡೂ ಟಿಪ್ಪುವಿನ ಕಾಲದವು. ಮೊದಲನೆಯದು ಶ್ರೀರಂಗಪಟ್ಟಣದ ದರಿಯಾ ದೌಲತ್. 1784ರ ಈ ಅರಮನೆಯ ಗೋಡೆಯಲ್ಲಿ 1780ರ ಪೊಳ್ಳಿಲೂರು ಕಾಳಗದ ಚಿತ್ರವಿದೆ, ಸಾಲುಸಾಲು ಸಿಪಾಯಿಗಳು, ಕುದುರೆಗಳು, ಉರುಳುವ ತಲೆಗಳು. ಮೈಸೂರು ಮತ್ತು ಕಂಪನಿ ಸೈನಿಕರ ಉಡುಗೆಗೆ ಇದನ್ನೇ ಆಧಾರವಾಗಿ ಹಿಡಿಯುವವರು ಒಂದು ಮಾತು ಮರೆಯಬಾರದು: 1799ರ ನಂತರ ಆರ್ಥರ್ ವೆಲ್ಲೆಸ್ಲಿ ಇದನ್ನು ಸರಿಪಡಿಸಿದ, ಮುಂದೆ ಡಾಲ್‌ಹೌಸಿಯ ಆಜ್ಞೆಯಂತೆ 1855ರ ಸುಮಾರಿಗೆ ಮತ್ತೆ ಬಣ್ಣ ಬಳಿಯಲಾಯಿತು. ಗೋಡೆಯ ಮೇಲಿನ ಕೆಂಪು ಯಾವ ಕಾಲದ್ದು ಎಂದು ಕೇಳದೆ ಅದನ್ನು ಬೊಂಬೆಗೆ ಹಚ್ಚಬಾರದು.

ಎರಡನೆಯದು ಟಿಪ್ಪುವಿನ ಹುಲಿ. ಬಿದ್ದಿರುವ ಯುರೋಪಿಯನ್ನನ ಕುತ್ತಿಗೆಗೆ ಬಾಯಿ ಹಾಕಿದ ಈ ಬಣ್ಣದ ಮರದ ಹುಲಿ 1799ರಲ್ಲಿ ಲೂಟಿಯಾಗಿ ಲಂಡನ್ ಸೇರಿತು. 1808ರಿಂದ ಈಸ್ಟ್ ಇಂಡಿಯಾ ಕಂಪನಿಯ ಕಟ್ಟಡದಲ್ಲಿ ಪ್ರದರ್ಶನಕ್ಕಿದ್ದು, 1880ರಲ್ಲಿ ಈಗಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿಗೆ ಬಂತು. ಉದ್ದ ಪೌಣೆ ಎರಡು ಮೀಟರಿನಷ್ಟು, ಒಳಗೆ ಪುಟ್ಟ ಆರ್ಗನ್. ಎರಡನೇ ಮಹಾಯುದ್ಧದಲ್ಲಿ ಮೇಲ್ಛಾವಣಿ ಕುಸಿದು ಚೂರಾದದ್ದನ್ನು ಮತ್ತೆ ಕೂಡಿಸಿದರು. ಕನ್ನಡ ನಾಡಿನಲ್ಲಿ ಹುಟ್ಟಿದ ಬಣ್ಣದ ಮರದ ಸೈನಿಕಬೊಂಬೆಗಳಲ್ಲಿ ಜಗತ್ತು ಬಲ್ಲದ್ದು ಇದೊಂದೇ, ಮತ್ತು ಅದರಲ್ಲಿ ಸೈನಿಕನೇ ಸೋತವನು.

ಹವ್ಯಾಸದ ಬೆಳವಣಿಗೆ

18ನೇ ಶತಮಾನದ ನ್ಯೂರೆಂಬರ್ಗಿನಲ್ಲಿ ಚಪ್ಪಟೆ ತವರದ ಸಿಪಾಯಿಗಳು ಮಾರಾಟಕ್ಕೆ ಬಂದವು. ಇಂಗ್ಲೆಂಡಿನ ಬ್ರಿಟನ್ಸ್ ಕಂಪನಿ 1893ರಲ್ಲಿ ಒಳಗೆ ಟೊಳ್ಳಾದ ಸೀಸದ ಸಿಪಾಯಿ ಎರಕ ಹೊಯ್ದು ಬೆಲೆ ಇಳಿಸಿತು. ಆಟದ ಸಾಮಾನು ದೊಡ್ಡವರ ಹವ್ಯಾಸವಾದದ್ದು 20ನೇ ಶತಮಾನದಲ್ಲಿ. ಅಮೆರಿಕದ ಶೆಪರ್ಡ್ ಪೇನ್, ಬೆಲ್ಜಿಯಂನ ಫ್ರಾಂಸ್ವಾ ವೆರ್ಲಿಂಡನ್ ಇವರ ಕೆಲಸ ಮತ್ತು ಬರಹಗಳಿಂದ ತೊಳೆಬಣ್ಣ, ಒಣಕುಂಚ ಮುಂತಾದ ತಂತ್ರಗಳು ಮನೆಮನೆಗೆ ತಲುಪಿದವು. ರೆಸಿನ್ ಎರಕ ಬಂದ ಮೇಲೆ ಮುಖದ ಸುಕ್ಕು, ಬಟ್ಟೆಯ ಹೊಲಿಗೆ ಕೂಡ ಅಚ್ಚಿನಲ್ಲಿ ಮೂಡತೊಡಗಿ ಬಸ್ಟ್‌ಗಳು ಮುಂದೆ ಬಂದವು. ಸಾಮಾನ್ಯ ಅಳತೆ ಹತ್ತರಲ್ಲಿ ಒಂದು ಪಾಲು: ತಲೆ ಸುಮಾರು ಎರಡೂಕಾಲು ಸೆಂಟಿಮೀಟರ್, ಇಡೀ ಪ್ರತಿಮೆ ಅಂಗೈಯಲ್ಲಿ ಕೂರುತ್ತದೆ.

ಕೊಪ್ಪಳದ ಕೋಟೆಯ ಒಬ್ಬ ಸಿಪಾಯಿ

ವಿಧಾನವನ್ನು ಒಂದು ಉದಾಹರಣೆಯಿಂದಲೇ ಹೇಳುವುದು ಲೇಸು. ಕೊಪ್ಪಳದ ಕೋಟೆಯನ್ನು ಟಿಪ್ಪು 1786ರಲ್ಲಿ ಪಾಳೆಯಗಾರನಿಂದ ಪಡೆದು ಫ್ರೆಂಚ್ ಎಂಜಿನಿಯರುಗಳ ನೆರವಿನಿಂದ ಬಲಪಡಿಸಿದ. 1790ರಲ್ಲಿ ಬ್ರಿಟಿಷ್ ಮತ್ತು ನಿಜಾಮರ ಪಡೆಗಳು ಮುತ್ತಿಗೆ ಹಾಕಿದವು. ಕೋಟೆ ಶರಣಾದದ್ದು 1791ರ ಏಪ್ರಿಲ್‌ನಲ್ಲಿ. ಆ ಮುತ್ತಿಗೆಯ ಕೊನೆಯಲ್ಲಿ ನಿಂತ ಒಬ್ಬ ಮೈಸೂರು ಸಿಪಾಯಿಯ ಎದೆಮಟ್ಟದ ಪ್ರತಿಮೆ ಎಂದು ಇಟ್ಟುಕೊಳ್ಳೋಣ.

ರೆಸಿನ್ ತುಂಡುಗಳನ್ನು ಸೋಪುನೀರಿನಲ್ಲಿ ತೊಳೆದು, ಅಚ್ಚಿನ ಅಂಚುಗೆರೆಯನ್ನು ಮರಳುಕಾಗದದಿಂದ ಉಜ್ಜಬೇಕು. ಉಜ್ಜುವಾಗ ಮೂಗಿಗೆ ಬಟ್ಟೆ ಸಾಲದು, ಮಾಸ್ಕ್ ಇರಲಿ, ರೆಸಿನ್ ಧೂಳು ಶ್ವಾಸಕ್ಕೆ ಕೆಟ್ಟದ್ದು. ಮೊದಲು ಕಪ್ಪು ಪ್ರೈಮರ್, ಮೇಲಿಂದ ಮಾತ್ರ ಬಿಳಿ ಸಿಂಪಡಣೆ. ಬೆಳಕು ಎಲ್ಲಿ ಬೀಳುತ್ತದೆ, ನೆರಳು ಎಲ್ಲಿ ಎಂಬ ನಕ್ಷೆ ಅಲ್ಲೇ ಸಿಗುತ್ತದೆ.

ಮುಖವೇ ಮುಕ್ಕಾಲು ಕೆಲಸ. ವಿದೇಶಿ ಕಂಪನಿಗಳು ಮಾರುವ ಚರ್ಮಬಣ್ಣದ ಸೆಟ್‌ಗಳು ಬಿಳಿಯರ ಮುಖಕ್ಕೆ ಕಟ್ಟಿದವು, ಅವಕ್ಕೆ ಕಂದು ಬೆರೆಸಿದರೆ ಮಣ್ಣಿನ ಬೊಂಬೆಯಾಗುತ್ತದೆಯೇ ಹೊರತು ಬಿಸಿಲಲ್ಲಿ ನಿಂತ ಬಯಲುಸೀಮೆಯ ಮನುಷ್ಯ ಆಗುವುದಿಲ್ಲ. ಕೆಂಪು ಛಾಯೆಯ ಗಾಢ ಕಂದು ಅಡಿಬಣ್ಣವಾಗಿರಲಿ. ನೆರಳಿಗೆ ಕಪ್ಪು ಬೇಡ, ನೇರಳೆ ಬೆರೆತ ಕಂದು ಸಾಕು. ಹಣೆ, ಕೆನ್ನೆಮೂಳೆ, ಮೂಗಿನ ದಿಂಡಿಗೆ ಹಳದಿಮಣ್ಣಿನ ಬಣ್ಣ ಸೇರಿಸಿ ಎತ್ತರ ತರಬೇಕು. ಬಣ್ಣ ಹಾಲಿಗಿಂತ ತೆಳ್ಳಗಿದ್ದು ಒಂದೊಂದು ಪದರವೂ ಆರಬೇಕು. ಗಡ್ಡ ಬೋಳಿಸಿದ ಜಾಗಕ್ಕೆ ಬೂದು ನೀಲಿಯ ಸುಳಿವು, ಕೆಳತುಟಿಗೆ ಮಾಸಿದ ಕೆಂಪು. ಕಣ್ಣಿನ ಬಿಳಿ ಅಚ್ಚ ಬಿಳಿಯಲ್ಲ. ಪಾಪೆ ಮೇಲಿನ ರೆಪ್ಪೆಗೆ ತಾಗಿರಲಿ, ನಡುವೆ ತೇಲಿದರೆ ಬೆಚ್ಚಿಬಿದ್ದವನ ಮುಖವಾಗುತ್ತದೆ.

ಟಿಪ್ಪುವಿನ ಕಾಲಾಳುಗಳ ಅಂಗಿ ನೇರಳೆ ಬಟ್ಟೆಯದು, ಅದರ ಮೇಲೆ ಬಬ್ರಿ ಎಂದು ಹೆಸರಾದ ಬಿಳಿ ಹುಲಿಪಟ್ಟೆಯ ಗುರುತು. ತಿಂಗಳುಗಟ್ಟಲೆ ಬಿಸಿಲು ಮಳೆ ಕಂಡ ನೇರಳೆ ಹೊಸದರಂತೆ ಇರಲಾರದು. ಭುಜದ ಮೇಲೆ ಬೂದಿಗೆ ತಿರುಗಿ, ಕಂಕುಳ ಮತ್ತು ಮಡಿಕೆಯ ಒಳಗೆ ಮಾತ್ರ ಮೂಲ ಬಣ್ಣ ಉಳಿಯುತ್ತದೆ. ಹೀಗಾಗಿ ಅಂಗಿಯನ್ನು ಮೊದಲು ಮಾಸಿದ ನೇರಳೆಯಲ್ಲಿ ಬಳಿದು, ತಗ್ಗುಗಳಿಗೆ ಗಾಢ ಬಣ್ಣ ಇಳಿಸುವುದು ಸರಿಯಾದ ಕ್ರಮ. ಪಟ್ಟೆಗಳು ಬಟ್ಟೆಯ ಮಡಿಕೆಯೊಡನೆ ಬಾಗಬೇಕು, ಸಮತಲದ ಮೇಲೆ ಬರೆದಂತೆ ನೇರ ಹೋದರೆ ಇಡೀ ಕೆಲಸ ಕೆಡುತ್ತದೆ. ಪೇಟದ ಅಂಚಿಗೆ, ಹಣೆ ತಾಗುವಲ್ಲಿ, ಬೆವರಿನ ಹಳದಿ ಕಲೆ.

ಸವೆತಕ್ಕೆ ಎಣ್ಣೆಬಣ್ಣ ಒಳ್ಳೆಯದು. ಕಂದು ಎಣ್ಣೆಬಣ್ಣವನ್ನು ಟರ್ಪೆಂಟೈನ್‌ನಲ್ಲಿ ನೀರಾಗಿಸಿ ತಗ್ಗುಗಳಿಗೆ ಬಿಟ್ಟರೆ ತಾನೇ ಹರಿದು ನಿಲ್ಲುತ್ತದೆ. ಅದಕ್ಕೂ ಮೊದಲು ಕೆಳಗಿನ ಬಣ್ಣಕ್ಕೆ ವಾರ್ನಿಷ್ ಕೊಟ್ಟಿರಬೇಕು. ಲೋಹದ ಅಂಚುಗಳಿಗೆ ಪೆನ್ಸಿಲಿನ ಸೀಸ ಉಜ್ಜಿದರೆ ಕೈಯಾಡಿ ಮಿರುಗಿದ ಕಬ್ಬಿಣ ಬರುತ್ತದೆ. ಚರ್ಮದ ಪಟ್ಟಿಯ ಮೇಲೆ ಸ್ಪಂಜಿನ ಚೂರಿನಿಂದ ಸಣ್ಣ ಚುಕ್ಕೆಗಳು. ತುಪಾಕಿಯ ಕಿವಿಮದ್ದು ಸಿಡಿಯುವುದು ಬಲಗೆನ್ನೆಯ ಪಕ್ಕದಲ್ಲೇ. ಕಾಗದದ ತೋಟವನ್ನು ಹಲ್ಲಿನಿಂದ ಹರಿಯುತ್ತಿದ್ದವನ ತುಟಿಯ ಮೂಲೆಯೂ ಕಪ್ಪಾಗಿರುತ್ತದೆ. ಮದ್ದಿನ ಮಸಿಯನ್ನು ಎರಡೂ ಕೆನ್ನೆಗೆ ಸಮವಾಗಿ ಬಳಿದ ಬಸ್ಟ್‌ಗಳು ಪ್ರದರ್ಶನಗಳಲ್ಲೂ ಕಾಣಸಿಗುತ್ತವೆ. ಅದು ಮಸಿಯಲ್ಲ, ಅಲಂಕಾರ.

ಧೂಳಿನ ಬಣ್ಣ ಊರಿನದೇ ಆಗಬೇಕು. ಕೊಪ್ಪಳ ಗುಡ್ಡದ ಕಲ್ಲಿನ ಧೂಳು ಬೂದುಗೆಂಪು. ಕುಷ್ಟಗಿ ಕಡೆಯ ಮಸಾರಿ ನೆಲದ್ದು ಕೆಂಪು. ಯಲಬುರ್ಗಾ, ಕುಕನೂರ ಕಡೆಯ ಎರೆಭೂಮಿಯದು ಕಪ್ಪು, ಒಣಗಿದಾಗ ಬೂದಿ, ನೆನೆದಾಗ ಮುದ್ದೆಯಾಗಿ ಹತ್ತುವಂಥದ್ದು. ಪೇಟೆಯಲ್ಲಿ ಸಿಗುವ ಯುರೋಪಿನ ಮಣ್ಣಿನ ಪಿಗ್ಮೆಂಟ್ ಡಬ್ಬಿಗಿಂತ, ಹೊಲದ ಹಿಡಿಮಣ್ಣನ್ನು ಒಣಗಿಸಿ ತೆಳುಬಟ್ಟೆಯಲ್ಲಿ ಸೋಸಿದ ಪುಡಿ ಮೇಲು. ಎದೆಮಟ್ಟದ ಪ್ರತಿಮೆಗೆ ಕೆಸರು ತಾಗುವ ಕಾಲಿಲ್ಲ ಎಂಬುದು ನೆನಪಿರಲಿ. ಧೂಳು ಭುಜಕ್ಕೆ, ಪೇಟದ ಮೇಲ್ಭಾಗಕ್ಕೆ, ಹುಬ್ಬಿಗೆ, ಅಷ್ಟೇ.

ಕೊಪ್ಪಳದ ಇದೇ ಕೋಟೆಯನ್ನು 1858ರಲ್ಲಿ, ಬ್ರಿಟಿಷರ ವಿರುದ್ಧ ಬಂಡೆದ್ದ ಮುಂಡರಗಿ ಭೀಮರಾಯ ಹಿಡಿದ. ಹಮ್ಮಿಗೆಯ ಕೆಂಚನಗೌಡ ಅವನ ಜೊತೆಗಾರ, ಇಬ್ಬರೂ ಅಲ್ಲೇ ಕಾದು ಮಡಿದರು. ಅವರ ಪಡೆಯವನೊಬ್ಬನನ್ನು ಮಾಡಹೊರಟವರು ಸಮವಸ್ತ್ರದ ಪಟ್ಟಿ ಹುಡುಕುವುದು ವ್ಯರ್ಥ. ರುಮಾಲು, ಕಂಬಳಿ, ಒರಟು ಹತ್ತಿಬಟ್ಟೆ ಇವುಗಳ ಬಿಳಿ, ಕರಿ, ಮಣ್ಣಿನ ಬಣ್ಣಗಳಲ್ಲೇ ಕೆಲಸ ಮುಗಿಯಬೇಕು. ಬಣ್ಣಗಾರನ ನಿಜವಾದ ಪರೀಕ್ಷೆ ಇಲ್ಲಿದೆ, ಏಕೆಂದರೆ ಹುಲಿಪಟ್ಟೆಯ ಅಂಗಿ ಅರ್ಧ ಕೆಲಸವನ್ನು ತಾನೇ ಮಾಡಿಕೊಡುತ್ತದೆ.

ವೆದರಿಂಗ್ ಅತಿಯಾಗುವುದು ಈ ಹವ್ಯಾಸದ ದೊಡ್ಡ ಚಟ. ತುಕ್ಕು, ಕೆಸರು, ರಕ್ತ ಎಲ್ಲವನ್ನೂ ಒಬ್ಬನ ಮೇಲೇ ಸುರಿದರೆ ಸೈನಿಕ ಕಾಣುವುದಿಲ್ಲ, ಡಬ್ಬಿಗಳು ಕಾಣುತ್ತವೆ. ತಿಂಗಳುಗಟ್ಟಲೆ ಮುತ್ತಿಗೆಯಲ್ಲಿದ್ದವನೂ ಕತ್ತಿಗೆ ಎಣ್ಣೆ ಹಚ್ಚಿಟ್ಟಿರುತ್ತಾನೆ, ಅದು ಅವನ ಪ್ರಾಣ.

ಇಂದಿನ ಸ್ಥಿತಿ

ಕಿನ್ನಾಳದ ಕೆಲಸಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ರಾಜ್ಯದ ಕರಕುಶಲ ಅಭಿವೃದ್ಧಿ ನಿಗಮದ ಕಾವೇರಿ ಮಳಿಗೆಗಳಲ್ಲಿ ಮೂರ್ತಿಗಳು ಮಾರಾಟಕ್ಕೆ ಸಿಗುತ್ತವೆ. ಕಸುಬಿನಲ್ಲಿ ಉಳಿದಿರುವ ಮನೆಗಳು ಕೆಲವೇ, ಪ್ಲಾಸ್ಟರ್ ಆಫ್ ಪ್ಯಾರಿಸ್‌ನ ಅಗ್ಗದ ಅಚ್ಚುಬೊಂಬೆ ಎದುರಾಳಿ. ದಸರಾ ಬೊಂಬೆಯ ಮೆಟ್ಟಿಲುಗಳಲ್ಲಿ ಸಿಪಾಯಿ ಸಾಲು, ಬ್ಯಾಂಡಿನವರ ಸಾಲು ಕೂರಿಸುವ ಮನೆಗಳು ಹಳೆ ಮೈಸೂರಿನಲ್ಲಿ ಇನ್ನೂ ಇವೆ. ಹುಲಿಪಟ್ಟೆಯ ಸಿಪಾಯಿ, ಕುಮಾರರಾಮ, ಭೀಮರಾಯರ ಎದೆಮಟ್ಟದ ಪ್ರತಿಮೆಗಳನ್ನು ಕಿಟ್ಟ ಮತ್ತು ಲಾಜವಾರದಲ್ಲಿ ಮಾಡಿಸಿದರೆ ಆ ಮನೆಗಳಿಗೂ ಹವ್ಯಾಸಿಗಳಿಗೂ ಕೊಳ್ಳಲು ಯೋಗ್ಯವಾದದ್ದು ಸಿಕ್ಕೀತು. ವಿದೇಶದ ರೆಸಿನ್ ಬಸ್ಟ್‌ಗೆ ಸಾವಿರಾರು ರೂಪಾಯಿ ತೆರುವವರು ಇದಕ್ಕೂ ಅಷ್ಟು ಕೊಡಲು ಹಿಂಜರಿಯಬಾರದು.

ಮನೆಯಲ್ಲಿ ಹಳೆಯ ಕಿನ್ನಾಳದ ಮೂರ್ತಿ ಇರುವವರು ಅದನ್ನು ನೀರಿನಲ್ಲಿ ತೊಳೆಯಬಾರದು, ಒದ್ದೆ ಬಟ್ಟೆಯಲ್ಲೂ ಒರೆಸಬಾರದು. ಹುಣಸೆಬೀಜದ ಅಂಟು ನೀರಿಗೆ ಬಿಡುತ್ತದೆ, ಬಟ್ಟೆಯ ಪದರ ಏಳುತ್ತದೆ. ತಿನ್ನರ್ ಹಾಕಿ ಹಳೆ ಬಣ್ಣ ತೆಗೆಸುವುದೂ ಬೇಡ. ಮೆದು ಒಣ ಕುಂಚದಿಂದ ಧೂಳು ಕೊಡವಿ, ಹುಳು ಹಿಡಿಯದಂತೆ ಗಾಳಿಯಾಡುವಲ್ಲಿ, ನೇರ ಬಿಸಿಲು ಬೀಳದಲ್ಲಿ ಇಡಿ. ಬಣ್ಣ ಎದ್ದಿದ್ದರೆ ಕಿನ್ನಾಳದ ಚಿತ್ರಗಾರರಿಗೆ ತೋರಿಸಿ.